ನೆಲ ಡೊಂಕಾಗಿದ್ದರೆ?

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನಾನು ನನ್ನ ಸರ್ವಿಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಗಣಿತದ ಟೀಚರ್ ಆಗಿಯೂ ಲೆಕ್ಕವಿಲ್ಲ! ‘ಪೆನ್ನು ಸರಿ ಇರಲಿಲ್ಲ’, ‘ಪ್ರಶ್ನೆ ತಿಳೀಲಿಲ್ಲ’ ಎಂದು ಮಕ್ಕಳು ಅನ್ನುವುದೇ ತಡ, ಗಾದೆ ನನ್ನ ಬಾಯಿಂದ ತಾನಾಗಿಯೇ ಉದುರುತ್ತಿತ್ತು. ಆ ಗಾದೆಯನ್ನು ನನ್ನ ಬಾಯಿಂದ ಬಿಡಿಸಿದ್ದು ಒಂದು ವಿಡಿಯೋ ಗೇಮ್ ಎಂದರೆ ನೀವು ನಗಬಹುದು. ನಗಿರಿ, ಆದರೆ ಪೂರ್ತಿ ಕೇಳಿ.

2006ರ ಬೇಸಿಗೆ ರಜೆ. ಬಗದಲ್‌ನ ಬಿಸಿಲಿಗೆ ಮಕ್ಕಳು ಹೊರಗೆ ಕಾಲಿಡುವಂತಿರಲಿಲ್ಲ. ನಮ್ಮವರು ಬೀದರಿಗೆ ಹೋದವರು ಚೌಬಾರಾ ಹತ್ತಿರದ ಅಂಗಡಿಯಿಂದ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆ ತಂದರು. ಜೊತೆಗೊಂದು ಹಳದಿ ಕ್ಯಾಸೆಟ್. ಮೇಲೆ ಸಾವಿರಾರು ಆಟಗಳೆಂದು ಬರೆದಿತ್ತು. ಎಣಿಸಿದರೆ ಹತ್ತೋ ಹನ್ನೆರಡೋ, ಉಳಿದವೆಲ್ಲ ಅವೇ ತಿರುಗಿ ಬರುತ್ತಿದ್ದವು. ಅದರಲ್ಲಿ ಮಗನ ಜೀವವೆಂದರೆ ಮಾರಿಯೋ. ಜಪಾನಿನ ನಿಂಟೆಂಡೋ ಕಂಪನಿ 1985ರಲ್ಲಿ ಹೊರತಂದ ಆಟ. ಅದರ ಕರ್ತೃ ಶಿಗೆರು ಮಿಯಾಮೊಟೊ. ನಮ್ಮ ಮನೆಗೆ ಬಂದದ್ದು ನಕಲು ಪೆಟ್ಟಿಗೆ.

ಆ ಮೀಸೆಯ ಮನುಷ್ಯ ಪ್ರತಿ ಸಲ ಒಂದೇ ಹಳ್ಳದಲ್ಲಿ ಬೀಳುತ್ತಿದ್ದ. ಮಗ ರಿಮೋಟ್ ನೆಲಕ್ಕೆ ಕುಕ್ಕಿ, “ನಾ ಹಾರಿಸ್ದೆ ಅವ್ವಾ, ಬಟನ್ ಕೇಳಲಿಲ್ಲ” ಎಂದು ಅಳುತ್ತಿದ್ದ. ನಾನು ರೊಟ್ಟಿ ಬಡಿಯುತ್ತಲೇ ಒಳಗಿಂದ ಗಾದೆ ಹೇಳಿದೆ. ಎರಡನೆಯ ದಿನವೂ ಹೇಳಿದೆ. ಮೂರನೆಯ ದಿನ ಅವನು ಎದ್ದು ಬಂದು ರಿಮೋಟನ್ನು ನನ್ನ ಹಿಟ್ಟಿನ ಕೈಗೇ ಇಟ್ಟ. “ನೀನೇ ಆಡಿ ನೋಡು.”

ಮೊದಲ ಸಲ ಎದುರಿಗೆ ಬಂದ ಅಣಬೆಯಂಥ ಪ್ರಾಣಿ ತಾಗಿ ಸತ್ತೆ. ಎರಡನೆಯ ಸಲ ಹಾರಬೇಕೆಂದು ತಿಳಿಯಿತು. ಒಂದು ಅಕ್ಷರ ಬರೆಯದೆ, ಒಂದು ಮಾತು ಹೇಳದೆ, ಆಟ ತನ್ನನ್ನು ತಾನೇ ಕಲಿಸುತ್ತಿತ್ತು! ಬಿ.ಎಡ್.ನಲ್ಲಿ ನಾವು ‘ಸುಲಭದಿಂದ ಕಠಿಣಕ್ಕೆ’ ಎಂದು ಬಾಯಿಪಾಠ ಮಾಡಿದ್ದು ಇಲ್ಲಿ ನಡೆದೇ ಇತ್ತು. ಆದರೆ ಆ ಹಳ್ಳದ ಹತ್ತಿರ ಬಂದಾಗ ನಾನು ಬಟನ್ ಒತ್ತಿದ್ದು ಖರೆ, ಮನುಷ್ಯ ಹಾರಲಿಲ್ಲ. ಇನ್ನೊಮ್ಮೆ ಒತ್ತಿದೆ. ಹಾರಲಿಲ್ಲ. ಮಗ ನನ್ನ ಮುಖ ನೋಡುತ್ತ ನಿಂತಿದ್ದ.

ಊರಿನ ರೇಡಿಯೋ ರಿಪೇರಿಯವರು ರಿಮೋಟ್ ಬಿಚ್ಚಿ ತೋರಿಸಿದರು. ಬಟನ್ ಕೆಳಗೆ ರಬ್ಬರಿನ ಗುಂಡಿ, ಅದರ ತಳಕ್ಕೆ ಕರಿ ಲೇಪ. ಆ ಲೇಪ ಕೆಳಗಿನ ಪಟ್ಟಿಗೆ ತಾಗಿದರೆ ಮಾತ್ರ ಕರೆಂಟು ಹರಿಯುತ್ತದೆ. ಲೇಪ ಸವೆದಿತ್ತು. ಸಿಗರೇಟ್ ಪ್ಯಾಕಿನ ಬೇಗಡೆಯ ಚೂರು ಅಂಟಿಸಿ ಕೊಟ್ಟರು. ಆ ಸಂಜೆ ಮಗ ಹಳ್ಳ ದಾಟಿದ. ಮುಂದಿನ ಹಳ್ಳದಲ್ಲಿ ಬಿದ್ದ. ಆದರೆ ಅಳಲಿಲ್ಲ. “ಇದು ನಂದೇ ತಪ್ಪು” ಎಂದು ನಕ್ಕು ಮತ್ತೆ ಶುರು ಮಾಡಿದ.

ಆ ನಗು ನನ್ನನ್ನು ಯೋಚನೆಗೆ ಹಚ್ಚಿತು. ಕಠಿಣ ಆಟಕ್ಕೆ ಮಕ್ಕಳು ಹೆದರುವುದಿಲ್ಲ. ನಮ್ಮ ಚೌಕಾಬಾರವೇನು ಕಡಿಮೆ ಕಠಿಣವೆ? ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವೇ ಇಲ್ಲ. ನಾವು ಅಕ್ಕತಂಗಿಯರು ಮಧ್ಯಾಹ್ನವಿಡೀ ಸೋತು ಸೋತು ಆಡಿದ್ದೇವೆ. ಕವಡೆ ಎಲ್ಲರಿಗೂ ಒಂದೇ ರೀತಿ ಬೀಳುತ್ತಿತ್ತು, ಅದಕ್ಕೇ ಸಹಿಸಿದೆವು. ಸೋಲು ತನ್ನದೆಂದು ತಿಳಿದರೆ ಮಗು ಕಲಿಯುತ್ತದೆ. ಕೈಯ ಮಾತು ಕೇಳದೆ ಸೋಲಿಸಿದರೆ ಅದಕ್ಕೆ ಉಳಿಯುವುದು ಅಳು ಮಾತ್ರ.

ಆಟ ಮಾಡುವವರಿಗೂ ಈ ಸಂಕಟ ಇದ್ದದ್ದೇ ಅಂತೆ. ಮಗ ಈಗ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ, ಫೋನಿನಲ್ಲಿ ಇಂಥವನ್ನೆಲ್ಲ ಹೇಳುತ್ತಿರುತ್ತಾನೆ. 1986ರಲ್ಲಿ ಜಪಾನಿನ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಎಂಬವರು ಗ್ರೇಡಿಯಸ್ ಎಂಬ ಆಟವನ್ನು ಮನೆಯ ಪೆಟ್ಟಿಗೆಗೆ ಒಗ್ಗಿಸುತ್ತಿದ್ದರು. ಪರೀಕ್ಷಿಸಲು ಹೋದರೆ ತಾವೇ ಮುಗಿಸಲಾರದಷ್ಟು ಅದು ಕಠಿಣ! ಕೊನೆಗೆ ಬಟನ್‌ಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಬಲ ಸಿಗುವಂತೆ ಗುಟ್ಟಿನ ದಾರಿ ಇಟ್ಟುಕೊಂಡರು. ಅದೇ ಗುಟ್ಟು ಮುಂದೆ ಕಾಂಟ್ರಾ ಎಂಬ ಆಟದಲ್ಲಿ ಮೂರು ಜೀವದ ಬದಲು ಮೂವತ್ತು ಜೀವ ಕೊಡುತ್ತಿತ್ತು. ತಾನೇ ಬಿಡಿಸಲಾರದ ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ. ಆದರೆ ಹಶಿಮೊಟೊ ಅವರಂತೆ ಅದನ್ನು ಒಪ್ಪಿಕೊಂಡವರನ್ನು ಕಂಡಿಲ್ಲ.

2019ರಲ್ಲಿ ಸೆಕಿರೋ ಎಂಬ ಆಟ ಬಂದಾಗ ಆಡುವವರಲ್ಲೇ ಎರಡು ಪಕ್ಷವಾಯಿತಂತೆ. ಸುಲಭದ ದಾರಿಯೊಂದು ಬೇಕೆಂದು ಕೆಲವರು, ಕಷ್ಟವೇ ಅದರ ರುಚಿ ಎಂದು ಕೆಲವರು. ಅದಕ್ಕೆ ಒಂದು ವರ್ಷ ಮೊದಲೇ, 2018ರಲ್ಲಿ, ಸೆಲೆಸ್ಟ್ ಎಂಬ ಕಠಿಣ ಆಟದವರು ಬೇಕಾದವರು ಆಟದ ವೇಗ ತಗ್ಗಿಸಿಕೊಳ್ಳಬಹುದೆಂದು ಏರ್ಪಾಡು ಮಾಡಿದ್ದರು. ಬೆಟ್ಟ ಹತ್ತುವ ಕಥೆಯದು. ಬೆಟ್ಟ ಅಷ್ಟೇ ಎತ್ತರ, ಹತ್ತುವವರ ನಡಿಗೆ ಮಾತ್ರ ಅವರವರದು.

ಇನ್ನು ಆಡುವವರ ನಿರೀಕ್ಷೆಯ ಮಾತು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ‘ಫೌ-ಜಿ’ ಆಟದ ಪ್ರಕಟಣೆ ಹೊರಬಿತ್ತು. 2021ರ ಜನವರಿ 26ಕ್ಕೆ ಆಟ ಬಂದಿತು. ಗಾಲ್ವಾನ್ ಕಣಿವೆಯ ಕಥೆ. ಬಂದೂಕಿಲ್ಲದ ಕೈಕೈ ಹೋರಾಟ. ಆದರೆ ಕಾದಿದ್ದ ಹುಡುಗರ ತಲೆಯಲ್ಲಿದ್ದುದು ಪಬ್‌ಜಿ. ಬಾಯಾರಿದವನಿಗೆ ಪಾಯಸ ಬಡಿಸಿದಂತಾಯಿತು. ಕೆಲವೇ ದಿನಗಳಲ್ಲಿ ಬಹಳ ಜನ ಒಂದೇ ನಕ್ಷತ್ರ ಕೊಟ್ಟು ಹೋದರು. ಮಾಡಿದವರು ಅದೇ ಆಟ ಕೊಡುತ್ತೇವೆಂದು ಹೇಳಿರಲಿಲ್ಲ, ಕಾದವರದೂ ತಪ್ಪೆನ್ನಲಾಗದು. ಪಾಲಕರ ಸಭೆಯಲ್ಲಿ ಕುಳಿತ ಟೀಚರಿಗೆ ಈ ಎರಡೂ ಕಡೆಯ ನೋವು ಅರ್ಥವಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಕಣ್ಣು ಪೂರ್ತಿ ತೆರೆಸಿದ್ದು ನನ್ನದೇ ತರಗತಿ. ನಮ್ಮ ಕಡೆ ಮಕ್ಕಳು ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖ್ಖನಿ ಉರ್ದು, ಏನಾದರೂ ಆಡಿಕೊಂಡು ಬರುತ್ತಾರೆ. ಪರೀಕ್ಷೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದೆ: ‘ಒಂದು ನಲ್ಲಿ ತೊಟ್ಟಿಯ ಮೂರನೆಯ ಒಂದು ಭಾಗವನ್ನು 20 ನಿಮಿಷದಲ್ಲಿ ತುಂಬಿದರೆ ಇಡೀ ತೊಟ್ಟಿ ತುಂಬಲು ಎಷ್ಟು ಸಮಯ ಬೇಕು?’ ದಖ್ಖನಿ ಮಾತಿನ ಮನೆಯ ಹುಡುಗನೊಬ್ಬ ಜಾಗ ಖಾಲಿ ಬಿಟ್ಟಿದ್ದ. ಸೊನ್ನೆ ಹಾಕಿ, ಕರೆದು ಕೇಳಿದೆ. ಅವನು ಹೆದರುತ್ತ, “ತೊಟ್ಲಾಗ ನೀರ್ ಯಾಕ್ ತುಂಬ್ತಾರ್ರೀ ಟೀಚರ್? ಕೂಸಿಗಿ ನೆಗಡಿ ಬರಲ್ಲೇನ್ರೀ?” ಎಂದ.

ಗಾದೆ ನಾಲಿಗೆಯ ತುದಿಗೆ ಬಂದಿತ್ತು. ಮಗ ಹಿಟ್ಟಿನ ಕೈಗೆ ರಿಮೋಟ್ ಇಟ್ಟದ್ದು ನೆನಪಾಯಿತು. ನನಗೆ ಬರುವ ಹರಕು ಮುರುಕು ದಖ್ಖನಿಯಲ್ಲಿ, ತೊಟ್ಟಿಯ ಬದಲು ಟಾಕಿ ಎಂದು, ಅದೇ ಲೆಕ್ಕ ಕೇಳಿದೆ. ನಾನು ಮಾತು ಮುಗಿಸುವ ಮೊದಲೇ ಅವನು “ಏಕ್ ಘಂಟಾ” ಎಂದ.

ಅವನಿಗೆ ಲೆಕ್ಕ ಬರುತ್ತಿತ್ತು. ಬಟನ್ ಕೇಳಿರಲಿಲ್ಲ, ಅಷ್ಟೆ. ಸೊನ್ನೆಯನ್ನು ಹೊಡೆದು ಹಾಕಿ ಪೂರ್ತಿ ಅಂಕ ಕೊಟ್ಟೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇವನೊಬ್ಬ ಬಾಯಿಬಿಟ್ಟು ಕೇಳಿದ. ಕೇಳದೆ ಹೋದವರೆಷ್ಟು? ನನ್ನ ಗಾದೆ ಕೇಳಿ ತಲೆ ತಗ್ಗಿಸಿ, ತಮಗೆ ಗಣಿತ ಬರುವುದಿಲ್ಲವೆಂದೇ ನಂಬಿ ಶಾಲೆ ಬಿಟ್ಟವರೆಷ್ಟು? ಅವರಿಗೆ ಮೂವತ್ತು ಜೀವ ಕೊಡುವ ಗುಟ್ಟು ನನ್ನ ಹತ್ತಿರ ಇಲ್ಲ.

ಅಂದಿನಿಂದ ಪ್ರಶ್ನೆಪತ್ರಿಕೆ ಬರೆದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಲೆಕ್ಕವನ್ನು ಸುಲಭ ಮಾಡಿಲ್ಲ, ಮಾಡುವುದೂ ಇಲ್ಲ. ತೊಟ್ಟಿ ಮಾತ್ರ ಟಾಕಿಯಾಗಿದೆ. ಯಾವುದಾದರೂ ಮಗು “ತಿಳೀಲಿಲ್ಲ ಟೀಚರ್” ಎಂದರೆ ಅದರ ಪಕ್ಕ ಹೋಗಿ ಕೂತು, “ಯಾವ ಶಬ್ದದ ಹತ್ರ ನಿಂತಿ? ಬೆರಳಿಟ್ಟು ತೋರಿಸು” ಎನ್ನುತ್ತೇನೆ. ಕುಣಿತದ ಮಾತು ಆಮೇಲೆ. ಮೊದಲು ನೆಲ ನೋಡಬೇಕು.