ಆ ರೀಲ್ ಯಾಕೆ ತೆಗೆದೆ ಅಂದ್ರೆ

1/6
ಹೋದ ವಾರ ನನ್ನ ಪ್ರೊಫೈಲ್‌ನಿಂದ ಒಂದು ರೀಲ್ ಮಾಯ ಆಗಿದ್ದನ್ನ ನಿಮ್ಮಲ್ಲಿ ತುಂಬ ಜನ ಗಮನಿಸಿದ್ದೀರ. "ಕೋತಿ ವಿಡಿಯೋ ಎಲ್ಲಿ?", "ಯಾರಾದ್ರೂ ರಿಪೋರ್ಟ್ ಮಾಡಿದ್ರಾ?" ಅಂತ ಮೆಸೇಜ್ ಹಾಕಿದ್ರಿ. ಯಾರೂ ರಿಪೋರ್ಟ್ ಮಾಡಿಲ್ಲ, ನಾನೇ ತೆಗೆದೆ. ಕಾರಣ ಒಂದು ಸ್ಟೋರಿಯಲ್ಲಿ ಹೇಳಿ ಮುಗಿಸೋ ಅಷ್ಟು ಚಿಕ್ಕದಲ್ಲ. ಅದಕ್ಕೇ ಈ ಸಲ ಆರು ಪೋಸ್ಟ್. ಸಮಯ ಇದ್ದಾಗ ಪೂರ್ತಿ ಓದಿ.

ನೋಡದೇ ಇದ್ದವರಿಗೆ ಆ ರೀಲ್‌ನಲ್ಲಿ ಏನಿತ್ತು ಅಂತ ಹೇಳ್ತೀನಿ. ಬೆಂಗಳೂರಿನ ನಮ್ಮ ಪಿಜಿ ಟೆರೇಸಿನ ಗೋಡೆ ಮೇಲೆ ಒಂದು ಹೆಣ್ಣು ಕೋತಿ. ಎಡಗಿವಿ ಸ್ವಲ್ಪ ಹರಿದಿದೆ, ಹೊಟ್ಟೆಗೆ ಮರಿ ಅಂಟಿಕೊಂಡಿದೆ. ಅದು ನನ್ನ ಕಡೆ ನೋಡಿ "ಕೂ" ಅಂತ ಮೆತ್ತಗೆ ದನಿ ತೆಗೆದು, ಕೈ ಚಾಚತ್ತೆ. ನಾನು ಬಿಸ್ಕೆಟ್ ಇಡ್ತೀನಿ. ಅಷ್ಟೇ, ಹದಿನಾಲ್ಕು ಸೆಕೆಂಡು. "ನಮ್ಮ ಬಿಲ್ಡಿಂಗ್‌ನ ಬಾಡಿಗೆ ಕೊಡದ ಟೆನೆಂಟ್" ಅಂತ ಕ್ಯಾಪ್ಷನ್ ಹಾಕಿದ್ದೆ. ಅವಳಿಗೆ ರಾಣಿ ಅಂತ ಹೆಸರಿಟ್ಟಿದ್ದೆವು. ನನ್ನ ಯಾವ ಪೋಸ್ಟಿಗೂ ಬಾರದಷ್ಟು ಲೈಕ್ ಅದಕ್ಕೆ ಬಂತು. ಹಾಗೆ ಬಂದಾಗ ಏನಾಗತ್ತೆ ಅಂತ ನಿಮಗೂ ಗೊತ್ತು. ಮಾರನೇ ದಿನ ನಾನು ಎರಡು ಪ್ಯಾಕೆಟ್ ತಂದೆ.

2/6
ಮೊದಲು ರಾಣಿ ಯಾರು ಅಂತ ಹೇಳಿಬಿಡ್ತೀನಿ. ನಮ್ಮ ಕಡೆ ದೇವಸ್ಥಾನ, ಘಾಟಿ, ಬಸ್ ಸ್ಟ್ಯಾಂಡ್ ಎಲ್ಲ ಕಡೆ ಕಾಣೋ ಕೋತಿ, ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್. ತಲೆ ಮೇಲೆ ಕೂದಲು ಟೋಪಿ ಥರ ಹರಡಿರತ್ತೆ. ಇದು ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಎಲ್ಲ ಕಡೆ ಕಾಣತ್ತೆ ಅಂತ ನಾವು ಬೇಕಾದಷ್ಟಿವೆ ಅಂದ್ಕೋತೀವಿ. ಆದರೆ 2020ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಪಾಯದ ಅಂಚಿನತ್ತ ಹೋಗ್ತಿರೋ ಜೀವಿಗಳ ಸಾಲಿಗೆ ಸೇರಿದೆ.

ಯಾಕೆ? ಹಳೇ ಮೈಸೂರು ರಸ್ತೆಗಳ ಎರಡೂ ಬದಿ ಆಲ, ಅತ್ತಿ, ಅರಳಿ ಇದ್ದದ್ದನ್ನ ನಿಮ್ಮ ಅಪ್ಪ ಅಮ್ಮನ ಹತ್ರ ಕೇಳಿ. ಆ ಮರಗಳು ಇವಕ್ಕೆ ಊಟವೂ ಹೌದು, ರಾತ್ರಿ ಮಲಗೋ ಜಾಗವೂ ಹೌದು. ರಸ್ತೆ ಅಗಲ ಆಯ್ತು, ಮರ ಹೋಯ್ತು. ಮೈಸೂರು ಸುತ್ತಮುತ್ತ ಇವನ್ನ ಎಣಿಸಿದ ಸಂಶೋಧಕರು 25 ವರ್ಷದಲ್ಲಿ ಶೇ 65ಕ್ಕೂ ಹೆಚ್ಚು ಕಡಿಮೆ ಆಗಿವೆ ಅಂತ 2017ರಲ್ಲಿ ಬರೆದರು. ನಮ್ಮ ಊರು ತುಮಕೂರು ಕಡೆ. ಊರಿಗೆ ಹೋಗೋ ದಾರಿಯಲ್ಲಿ ಚಿಕ್ಕವಳಿದ್ದಾಗ ಬಸ್ಸಿನ ಕಿಟಕಿಯಿಂದ ನಾನು ಎಣಿಸ್ತಿದ್ದ ಕೋತಿಗಳು ಈಗ ಅಲ್ಲಿಲ್ಲ. ಎಲ್ಲಿಗೆ ಹೋದ್ವು ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ.

3/6
ಊರೊಳಗೆ ಬದುಕೋ ಪ್ರಾಣಿಗೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು, ನಮ್ಮ ಕಣ್ಣಿಗೆ ಬೀಳದೆ ಇರೋದು. 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಆರು ಖಂಡಗಳ 62 ಜಾತಿ ಸಸ್ತನಿಗಳ ಮಾಹಿತಿ ಒಟ್ಟು ಮಾಡಿ ನೋಡಿತು. ಹಗಲು ಅರ್ಧ, ರಾತ್ರಿ ಅರ್ಧ ಓಡಾಡೋ ಪ್ರಾಣಿ, ಮನುಷ್ಯರ ಕಾಟ ಜಾಸ್ತಿ ಇರೋ ಕಡೆ ಶೇ 68ರಷ್ಟು ಚಟುವಟಿಕೆಯನ್ನ ರಾತ್ರಿಗೆ ತಳ್ಳತ್ತೆ. ಅಂದರೆ ನಾವು ಮಲಗೋದನ್ನ ಕಾಯತ್ತೆ. ಮುಂಬೈ ಚಿರತೆಗಳು ಅಪಾರ್ಟ್‌ಮೆಂಟ್ ಸಂದಿಯಲ್ಲಿ ನಾಯಿ ಹಿಡಿಯೋದು ಹೀಗೇ. ನಮ್ಮ ಬೆಂಗಳೂರಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್‌ನಲ್ಲಿ ಕಾಡುಪಾಪ ಇದೆ, ಗೊತ್ತಾ? ಅಂಗೈಯಲ್ಲಿ ಕೂರೋ ಅಷ್ಟು ಚಿಕ್ಕದು, ದೊಡ್ಡ ಕಣ್ಣು. ರಾತ್ರಿ ಹುಳ ತಿನ್ನತ್ತೆ, ಹಗಲು ಕೊಂಬೆ ಮರೆಯಲ್ಲಿ ಮಲಗತ್ತೆ. ಕೋತಿ ಥರ ಜಿಗಿಯೋಕೆ ಬರಲ್ಲ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿರಬೇಕು, ಅಷ್ಟೇ ಅದರ ಬೇಡಿಕೆ. ನಡುವೆ ಒಂದು ಮರ ಕಡಿದರೆ ಅದರ ರಸ್ತೆ ಕ್ಲೋಸ್.

ಕೋತಿಗೆ ಈ ಮೊದಲನೇ ದಾರಿ ಇಲ್ಲ. ಅದು ಹಗಲಿನ ಪ್ರಾಣಿ, ಕತ್ತಲಾದರೆ ಮಲಗಬೇಕು. ಹಾಗಾಗಿ ಎರಡನೇ ದಾರಿ ಹಿಡೀಬೇಕಾಯ್ತು. ನಮ್ಮ ಎದುರಿಗೇ ಇದ್ದು, ನಮ್ಮನ್ನ ಓದೋದು.

ಎಷ್ಟು ಚೆನ್ನಾಗಿ ಓದ್ತವೆ ಅಂದ್ರೆ, ಬಂಡೀಪುರದ ಕೋತಿಗಳ ಬಗ್ಗೆ 2018ರಲ್ಲಿ ಬಂದ ಸಂಶೋಧನೆಯಲ್ಲಿ ನನ್ನ ರೀಲ್‌ನಲ್ಲಿದ್ದದ್ದೇ ಇದೆ. ಜನರ ಹತ್ರ ಊಟ ಸಿಗತ್ತೆ ಅಂತ ಕಲಿತ ಕೋತಿಗಳು "ಕೂ" ಅಂತ ದನಿ ಮಾಡಿ ಕೈ ಚಾಚ್ತವೆ, ನಮಗಾಗಿಯೇ. ಅದನ್ನ ಓದಿದಾಗ ಮೊದಲು ಖುಷಿ ಆಯ್ತು. ಆಮೇಲೆ ಹೊಟ್ಟೆಯಲ್ಲಿ ಏನೋ ಆಯ್ತು. ರಾಣಿ ನನ್ನನ್ನ ಪ್ರೀತಿಯಿಂದ ಕರೀತಾಳೆ ಅಂದ್ಕೊಂಡಿದ್ದೆ. ಅವಳು ಕೆಲಸ ಮಾಡ್ತಿದ್ದಳು.

4/6
ನಾನು ಶುರು ಮಾಡಿದ್ದನ್ನ ಪಿಜಿಯಲ್ಲಿ ಎಲ್ಲರೂ ಮುಂದುವರಿಸಿದರು. ಕುರ್ಕುರೆ, ಬಾಳೆಹಣ್ಣು, ಮಿಕ್ಕಿದ ಚಿತ್ರಾನ್ನ. ಎರಡು ತಿಂಗಳಲ್ಲಿ ಕೋತಿಗಳು ನಮ್ಮ ಟೈಮ್‌ಟೇಬಲ್ ಕಲಿತವು. ಬೆಳಿಗ್ಗೆ ತಿಂಡಿ ಹೊತ್ತಿಗೆ ಹಾಜರ್. ಪ್ಲಾಸ್ಟಿಕ್ ಕವರ್ ಸದ್ದಾದರೆ ಮೂರನೇ ಮನೆ ಸಜ್ಜಾದಿಂದ ಓಡಿ ಬರೋವು. ಒಂದು ಮುಷ್ಟಿ ಬಿಸ್ಕೆಟನ್ನ ಕೆನ್ನೆ ಚೀಲಕ್ಕೆ ತುಂಬಿಕೊಂಡು, ಮತ್ತೆ ಕೈ ಚಾಚೋವು. ನಾವು ನಗ್ತಿದ್ವಿ, ವಿಡಿಯೋ ಮಾಡ್ತಿದ್ವಿ.

ಹಿಂದಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಟೆರೇಸಲ್ಲಿ ಸಂಡಿಗೆ ಒಣಗಿಸ್ತಾರೆ, ನಮಗೂ ಒಂದು ಡಬ್ಬಿ ಕೊಟ್ಟಿದ್ದಾರೆ. ಒಂದು ಗುರುವಾರ ತರಕಾರಿ ಕವರ್ ಹಿಡ್ಕೊಂಡು ಗೇಟ್ ತೆಗೀತಿದ್ದಾಗ ಒಂದು ಗಂಡು ಕೋತಿ ಕವರ್‌ಗೆ ಕೈ ಹಾಕ್ತು. ಅಜ್ಜಿ ಬಿಡಲಿಲ್ಲ. ಯಾಕೆ ಬಿಡಬೇಕು, ಅವರ ತರಕಾರಿ. ಅದು ಕಚ್ಚಿತು. ಮೊಣಕೈ ಕೆಳಗೆ, ಆಳವಾಗಿ. ರೇಬೀಸ್ ಇಂಜೆಕ್ಷನ್ ಒಂದಾದ ಮೇಲೊಂದು ತಗೋಬೇಕಾಯ್ತು. ಅಜ್ಜಿಗೆ ಶುಗರ್ ಬೇರೆ, ಗಾಯ ಬೇಗ ಮಾಯಲಿಲ್ಲ.

ನೋಡೋಕೆ ಹೋದಾಗ ಅಜ್ಜಿ ಹೇಳಿದ ಒಂದು ಮಾತು ಇನ್ನೂ ತಲೆಯಲ್ಲಿದೆ. "ಮೂವತ್ತು ವರ್ಷದಿಂದ ಇಲ್ಲಿದ್ದೀನಿ ಕಣಮ್ಮ. ಮೊದಲೂ ಬರ್ತಿದ್ವು. ಕೋಲು ತೋರಿಸಿದ್ರೆ ಹೋಗ್ತಿದ್ವು. ಈಗ ಮುಖ ನೋಡಲ್ಲ, ಕೈ ನೋಡ್ತವೆ."

ಕೈ ನೋಡೋಕೆ ಕಲಿಸಿದ್ದು ಯಾರು ಅಂತ ನನಗೆ ಗೊತ್ತಿತ್ತು. ನಾನು ಏನೂ ಹೇಳದೆ ಕಾಫಿ ಕುಡಿದು ಬಂದೆ.

5/6
ಮುಂದಿನ ವಾರ ಬೋನು ಬಂತು. ಯಾರು ದೂರು ಕೊಟ್ಟರೋ, ಯಾರು ತಂದಿಟ್ಟರೋ ಗೊತ್ತಿಲ್ಲ. ಅವರನ್ನ ನಾನು ತಪ್ಪು ಅನ್ನಲ್ಲ. ನನ್ನ ಅಜ್ಜಿಗೆ ಕಚ್ಚಿದ್ದರೆ ನಾನೂ ದೂರು ಕೊಡ್ತಿದ್ದೆ. ಬೋನಿನೊಳಗೆ ಬಾಳೆಹಣ್ಣು. ಕಾಡಿನ ಕೋತಿ ಆಗಿದ್ದರೆ ಎರಡು ದಿನ ಅನುಮಾನ ಪಡ್ತಿತ್ತೇನೋ. ನಮ್ಮವು ಅರ್ಧ ಗಂಟೆಯಲ್ಲಿ ಒಳಗಿದ್ದವು. ಮನುಷ್ಯರು ಇಟ್ಟಿದ್ದು ತಿನ್ನಬಹುದು ಅನ್ನೋ ಪಾಠ ಆಗಲೇ ಪಾಸಾಗಿತ್ತು.

ನಾಲ್ಕನೇ ಫೋಟೋ ಸ್ವೈಪ್ ಮಾಡಿ ನೋಡಿ. ಬ್ಲರ್ ಇದೆ, ಕೈ ನಡುಗ್ತಿತ್ತು. ವ್ಯಾನ್ ಹಿಂದೆ ಕಂಬಿ, ಕಂಬಿಯಿಂದ ಹೊರಗೆ ಚಾಚಿದ ಒಂದು ಕೈ. ರಾಣಿದಾ ಅಂತ ಕೇಳಬೇಡಿ, ಗೊತ್ತಿಲ್ಲ.

ಹಿಡಿದು ದೂರ ಬಿಟ್ಟರೆ ಸಮಸ್ಯೆ ಮುಗೀತು ಅಂದ್ಕೋತೀವಿ. ಈ ಜಾತಿಯಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಸಾಮಾನ್ಯವಾಗಿ ಜೀವನ ಪೂರ್ತಿ ಇರ್ತವೆ. ತಾಯಿ, ಅಕ್ಕ, ಚಿಕ್ಕಮ್ಮ ಎಲ್ಲ ಒಂದೇ ಕಡೆ. ಬೋನಿಗೆ ಅರ್ಧ ಗುಂಪು ಸಿಕ್ಕಿ ಅರ್ಧ ತಪ್ಪಿಸಿಕೊಂಡರೆ ಆ ಸಂಸಾರ ಒಡೆದ ಹಾಗೆ. ಬಿಟ್ಟ ಜಾಗದಲ್ಲಿ ಆಗಲೇ ಬೇರೆ ಗುಂಪು ಇದ್ದರೆ ಜಗಳ. ಪಕ್ಕದಲ್ಲಿ ಹಳ್ಳಿ ಇದ್ದರೆ, ಊಟಕ್ಕೆ ಮನೆ ಹುಡುಕೋದು ಕಲಿತ ಕೋತಿ ಅಲ್ಲಿನ ಮನೆಗೇ ಹೋಗತ್ತೆ. ನಮ್ಮ ಟೆರೇಸ್ ಸಮಸ್ಯೆ ಯಾವುದೋ ರೈತರ ಹೆಂಚಿನ ಮೇಲೆ.

ಬಿಕಾಂ ಕ್ಲಾಸ್‌ಮೇಟ್ಸ್, ನಿಮಗೆ ಇದು ಬೇಗ ಅರ್ಥ ಆಗತ್ತೆ. ನಮಗೆ ಮೊದಲ ಸೆಮ್‌ನಲ್ಲೇ ಹೇಳಿಕೊಟ್ಟಿದ್ದು: ಪ್ರತಿ ಎಂಟ್ರಿಗೂ ಎದುರು ಇನ್ನೊಂದು ಎಂಟ್ರಿ ಇರಬೇಕು. ಹತ್ತು ರೂಪಾಯಿ ಬಿಸ್ಕೆಟ್ ನನ್ನ ಖರ್ಚು, ಲೈಕ್ ನನ್ನ ಲಾಭ ಅಂತ ಎರಡೂ ಕಡೆ ನನ್ನದೇ ಬರ್ಕೊಂಡು ಟ್ಯಾಲಿ ಮಾಡಿದ್ದೆ. ಅಜ್ಜಿಯ ತೋಳು, ರಾಣಿಯ ಗುಂಪು ಯಾವ ಕಾಲಮ್‌ನಲ್ಲೂ ಇರಲಿಲ್ಲ.

6/6
ಹೋದ ಭಾನುವಾರ ಅಜ್ಜಿ ಮನೆಗೆ ಹೋಗಿ ಹೇಳಿದೆ. "ಅಜ್ಜಿ, ಮೊದಲು ಬಿಸ್ಕೆಟ್ ಹಾಕಿದ್ದು ನಾನು." ಅಜ್ಜಿ ಸಂಡಿಗೆ ತಿರುವಿ ಹಾಕ್ತಿದ್ದರು. "ಗೊತ್ತು. ಮೊಮ್ಮಗ ವಿಡಿಯೋ ತೋರಿಸಿದ್ದ" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿರ್ತಿತ್ತು. ಮನೆಗೆ ಬಂದು ರೀಲ್ ತೆಗೆದೆ.

ತೆಗೆದರೆ ಆಗಿದ್ದು ವಾಪಸ್ ಬರಲ್ಲ. ಆದರೆ ಅದನ್ನ ನೋಡಿ ಇನ್ನೊಬ್ಬರು ಬಿಸ್ಕೆಟ್ ತರೋದು ನಿಲ್ಲತ್ತೆ. ನಿಮ್ಮಲ್ಲೂ ಕೆಲವರು "ನಮ್ಮ ಟೆರೇಸಲ್ಲೂ ಟ್ರೈ ಮಾಡಿದೆ" ಅಂತ ಟ್ಯಾಗ್ ಮಾಡಿದ್ರಿ. ಅವರಿಗೆ ಮುಖ್ಯವಾಗಿ ಇದನ್ನ ಬರೀತಿರೋದು.

ಹಸಿದಿರೋ ಪ್ರಾಣಿಗೆ ಕೊಡೋದು ತಪ್ಪಾ ಅಂತ ಕೇಳ್ತೀರ. ನನಗೂ ಆ ಪ್ರಶ್ನೆ ಇದೆ. ಮರ ಕಡಿದು, ಆಮೇಲೆ ಊಟನೂ ಕೊಡಬೇಡಿ ಅನ್ನೋದು ಕಲ್ಲು ಮನಸ್ಸು ಅನ್ಸತ್ತೆ. ಆದರೆ ನಮ್ಮ ಕೈಯಿಂದ ಕೊಟ್ಟಿದ್ದು ಹಸಿವು ತೀರಿಸೋದು ಹತ್ತು ನಿಮಿಷ, ಪಾಠ ಉಳಿಯೋದು ಜೀವನ ಪೂರ್ತಿ. ಮರಿ ಅಮ್ಮನನ್ನ ನೋಡಿ ಕಲಿಯತ್ತೆ. ಕೊಡಲೇಬೇಕು ಅನ್ಸಿದರೆ ಮರ ಕೊಡಿ. ನಿಮ್ಮ ಊರ ದಾರಿಯ ಆಲದ ಮರಕ್ಕೆ ಕೊಡಲಿ ಬೀಳೋ ದಿನ ನಾಲ್ಕು ಜನ ಹೋಗಿ ನಿಂತ್ಕೊಳ್ಳಿ. ಕಸದ ಬುಟ್ಟಿ ಮುಚ್ಚಿ. ತರಕಾರಿ ಕವರ್ ಬಿಟ್ಟು ಬಟ್ಟೆ ಚೀಲ ಹಿಡೀರಿ. ಅಡುಗೆಮನೆ ಕಿಟಕಿಗೆ ಜಾಲರಿ ಹಾಕಿಸೋಕೆ ಓನರ್‌ನ ಕಾಡಿ.

ನಿನ್ನೆ ಬೆಳಿಗ್ಗೆ ಟೆರೇಸಿಗೆ ಬಟ್ಟೆ ಒಣಗಿಸೋಕೆ ಹೋಗಿದ್ದೆ. ಬೇರೆ ಗುಂಪು ಬಂದಿದೆ, ಐದಾರು ಇರಬಹುದು. ಖಾಲಿ ಜಾಗ ಖಾಲಿ ಉಳಿಯಲ್ವಲ್ಲ. ಒಂದು ಚಿಕ್ಕದು ಟ್ಯಾಂಕ್ ಮೇಲೆ ಕೂತು ನನ್ನ ನೋಡ್ತು. ಕೈ ಚಾಚಲಿಲ್ಲ, ಅದಕ್ಕೆ ಇನ್ನೂ ಗೊತ್ತಿಲ್ಲ. ನನ್ನ ಜೇಬಲ್ಲಿ ಫೋನ್ ಇತ್ತು, ತೆಗೀಲಿಲ್ಲ. ಬಕೆಟ್‌ನಲ್ಲಿದ್ದ ಟವೆಲ್ ಜೋರಾಗಿ ಒಮ್ಮೆ ಒದರಿದೆ. ಅದು ಹೆದರಿ ಪಕ್ಕದ ಹೊಂಗೆ ಮರಕ್ಕೆ ಹಾರಿ, ಎಲೆ ಮರೆಯಿಂದ ನನ್ನನ್ನ ಬೈಯ್ತು.

ಫೋಟೋ ಇಲ್ಲ. ಸಾರಿ.

#ನಗರದಕೋತಿ #ಬಿಸ್ಕೆಟ್‌ಬೇಡ #ಟೆರೇಸ್‌ಕಥೆಗಳು