ಶಿವಾಜಿನಗರದ ಮೇಣದಬತ್ತಿ ಅಂಗಡಿಯಲ್ಲಿ ಒಂದು ಸಂಜೆ

ಮನೆ ನಾಲ್ಕು ಜನ ಮೆಚ್ಚುವಂತಿರಬೇಕೆಂಬ ಆಸೆ ನಮ್ಮಲ್ಲಿ ಯಾರಿಗಿಲ್ಲ ಹೇಳಿ? ಆ ಆಸೆಯಿಂದಲೇ ನಾನು ಒಂದು ಪೆದ್ದುತನ ಮಾಡಿದೆ. ಅದರ ಕಥೆಯನ್ನೂ, ಆಮೇಲೆ ಬೆಂಗಳೂರಿನಲ್ಲಿ ಒಬ್ಬ ಹಣ್ಣುಹಣ್ಣು ಮುದುಕಿಯಿಂದ ನಾನು ಕಲಿತ ಪಾಠವನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ತಿಪಟೂರು. ತೆಂಗು, ಕೊಬ್ಬರಿಯ ಊರು. ನಮ್ಮ ಮನೆಯಲ್ಲಿ ಯಾವುದಕ್ಕೆ ಬರ ಬಂದರೂ ತೆಂಗಿನ ಚಿಪ್ಪಿಗೆ ಬರವಿಲ್ಲ. ಹೋದ ವರ್ಷ ದೀಪಾವಳಿಗೆ ನಾಲ್ಕು ಚಿಪ್ಪುಗಳನ್ನು ಉಜ್ಜಿ, ನಯ ಮಾಡಿ, ಎಣ್ಣೆ ಸವರಿ, ಒಂದೊಂದರಲ್ಲಿ ಒಂದೊಂದು ಬಣ್ಣದ ಮೇಣದಬತ್ತಿ ನಿಲ್ಲಿಸಿದೆ. ಷೋಕೇಸಿನ ಮೇಲೆ ಕಾಗದದ ಹೂಗಳ ಮಧ್ಯೆ ಸಾಲಾಗಿ ಇಟ್ಟೆ. ಬಂದವರೆಲ್ಲ 'ಎಷ್ಟು ಚೆನ್ನಾಗಿದೆ ರೀ' ಎಂದದ್ದೇ ಎಂದದ್ದು. ನಾನು ಉಬ್ಬಿಹೋಗಿ ಕಾಫಿ ಬೆರೆಸಲು ಒಳಗೆ ಹೋದೆ.

ಅಷ್ಟರಲ್ಲಿ ಬತ್ತಿ ಕೊನೆಮುಟ್ಟಿ ಚಿಪ್ಪಿನ ಅಂಚು ಹೊತ್ತಿಕೊಂಡಿತ್ತು. ಹಂಡೆ ಒಲೆಗೆ ದಿನವೂ ಚಿಪ್ಪು ಒಡ್ಡುವ ನನಗೆ ಅದು ಎಷ್ಟು ಚೆನ್ನಾಗಿ ಉರಿಯುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಲಂಕಾರದ ಅಮಲಿನಲ್ಲಿ ಮರೆತಿದ್ದೆ. ಎಂಟನೇ ಕ್ಲಾಸಿನ ನನ್ನ ಮಗಳು ಗಾಬರಿಯಾಗಿ ಚೊಂಬಿನ ನೀರನ್ನು ಒಮ್ಮೆಲೇ ಅದರ ಮೇಲೆ ಸುರಿದಳು. ಕಾದ ಮೇಣ ಸಿಡಿದು ಅವಳ ಬಲಗೈ ಮೇಲೆ ಬಿತ್ತು. ಯಜಮಾನರು ಷೋಕೇಸಿನ ಬೆಂಕಿಯನ್ನು ಒದ್ದೆ ಗೋಣಿಚೀಲದಿಂದ ಆರಿಸಿದರು. ಮಗಳ ಗಾಯವೂ ಹದಿನೈದು ದಿನದಲ್ಲಿ ಮಾಯಿತು. ಆದರೆ ಹುಡುಗಿಗೆ ಹಿಡಿದ ಭಯ ಮಾತ್ರ ಬಿಡಲಿಲ್ಲ. ಬೆಂಕಿಕಡ್ಡಿ ಗೀರುವ ಶಬ್ದ ಕೇಳಿದರೆ ಕೋಣೆ ಬಿಟ್ಟು ಹೋಗುವಳು. ಸಂಜೆ ದೇವರ ದೀಪ ಹಚ್ಚುವ ಕೆಲಸ ಅವಳದ್ದಾಗಿತ್ತು, ಅದೂ ನಿಂತಿತು. ನಮ್ಮತ್ತೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ವರ್ಷ ಸೆಪ್ಟೆಂಬರ್ ಮೊದಲ ವಾರ ತಂಗಿಯ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು, ತರಕಾರಿ ಕೊಂಡು ಹೊರಬಂದಾಗ ತಂಗಿ, "ಅಕ್ಕಾ, ಇಲ್ಲೇ ಪಕ್ಕದಲ್ಲಿ ಮೇರಿಯಮ್ಮನ ಹಬ್ಬ ನಡೀತಿದೆ, ನೋಡ್ಕೊಂಡು ಹೋಗೋಣ ಬಾ" ಎಂದಳು.

ಸೇಂಟ್ ಮೇರೀಸ್ ಬೆಸಿಲಿಕಾ ಎಂದರೆ ಬೆಂಗಳೂರಿನ ಬಹು ಹಳೆಯ ಚರ್ಚುಗಳಲ್ಲಿ ಒಂದು. ಈಗಿನ ಕಟ್ಟಡ 1882ರಲ್ಲಿ ಪೂರ್ತಿಯಾದದ್ದು. ಆಕಾಶಕ್ಕೆ ಚುಚ್ಚಿದಂತಿರುವ ಗೋಪುರ, ಚೂಪು ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು. ಆಗಸ್ಟ್ 29ರಂದು ಬಾವುಟ ಏರಿದರೆ ಸೆಪ್ಟೆಂಬರ್ 8ರ ಹಬ್ಬದ ದಿನ ತೇರಿನ ಮೆರವಣಿಗೆಯವರೆಗೆ ಅಲ್ಲಿ ಜಾತ್ರೆಯೇ ಜಾತ್ರೆ. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ಉಟ್ಟು ಬರುತ್ತಾರೆ. ಒಳಗೆ ಮಾತೆ ಮೇರಿಗೆ ನಮ್ಮ ಹಾಗೆಯೇ ಸೀರೆ ಉಡಿಸಿದ್ದಾರೆ, ನೋಡಿ! ಮಲ್ಲಿಗೆ ಮುಡಿದವರು, ಬುರ್ಖಾ ತೊಟ್ಟವರು, ಶಿಲುಬೆಯ ಸರ ಹಾಕಿದವರು, ಎಲ್ಲರೂ ಒಂದೇ ನೂಕುನುಗ್ಗಲಿನಲ್ಲಿ. ಎಲ್ಲರ ಕೈಯಲ್ಲೂ ಮೇಣದಬತ್ತಿ.

ಬತ್ತಿ ಹಚ್ಚುವ ಕಡೆ ನನ್ನ ಕಾಲು ತಾನಾಗಿ ನಿಂತಿತು. ನೂರಾರು ಬತ್ತಿಗಳು ಒಟ್ಟಿಗೆ ಉರಿಯುತ್ತಿದ್ದವು. ಅಷ್ಟು ಬೆಂಕಿ, ಆದರೂ ಯಾರಿಗೂ ಗಾಬರಿಯಿಲ್ಲ. ಬಯಲು ಜಾಗ, ಕೆಳಗೆ ಕಬ್ಬಿಣದ ತಟ್ಟೆ, ಹತ್ತಿರದಲ್ಲಿ ಬಟ್ಟೆಯಿಲ್ಲ, ಕಾಗದವಿಲ್ಲ, ಕಾಯಲು ಒಬ್ಬ ಮನುಷ್ಯ. ನಾನು ತಪ್ಪಿದ್ದೆಲ್ಲಿ ಎಂದು ಅಲ್ಲಿಯೇ ಅರ್ಧ ಹೊಳೆಯಿತು.

ಹೊರಗೆ ಸಾಲಾಗಿ ಮೇಣದಬತ್ತಿ ಅಂಗಡಿಗಳು. ಕಡ್ಡಿಯಂಥವು, ತೋಳಿನಷ್ಟು ದಪ್ಪನೆಯವು, ಹರಕೆಗೆಂದು ಮಗುವಿನ, ಮನೆಯ ಆಕಾರದವು. ಒಂದು ಅಂಗಡಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಕೂತಿದ್ದರು. ತಮಿಳು ಬೆರೆತ ಕನ್ನಡ. "ಏನ್ ಬೇಕಮ್ಮಾ?" ಎಂದು ಕೇಳಿದರು. ಏನೂ ಬೇಡವೆನ್ನಲು ಹೋದವಳು ಯಾಕೋ ಏನೋ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅಜ್ಜಿ ನಗಲಿಲ್ಲ, ಬಯ್ಯಲೂ ಇಲ್ಲ.

"ಬತ್ತಿದು ತಪ್ಪಲ್ಲಮ್ಮ. ಇಡೋ ಜಾಗದ್ದು ತಪ್ಪು. ಬಿಟ್ಟು ಹೋಗಿದ್ದು ಇನ್ನೊಂದು ತಪ್ಪು. ಕೂತ್ಕೋ" ಎಂದು ಒಂದು ಸ್ಟೂಲು ಎಳೆದರು.

ಮೊದಲು ಕೊಳ್ಳುವ ಬಗೆ ತೋರಿಸಿದರು. ಬತ್ತಿಯನ್ನು ತಿರುಗಿಸಿ ತಳ ನೋಡಬೇಕು, ದಾರ ನಟ್ಟನಡುವೆ ಇರಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಮೇಣ ಆ ಕಡೆಗೇ ಕರಗಿ ಸುರಿಯುತ್ತದೆ. ಮುಟ್ಟಿದರೆ ಕೈಗೆ ಜಿಡ್ಡು ಹತ್ತಬಾರದು, ಸೀಮೆಎಣ್ಣೆಯ ವಾಸನೆ ಬರಬಾರದು. ಒಂದೇ ಅಳತೆಯ ಎರಡನ್ನು ಕೈಯಲ್ಲಿ ತೂಗಿ ಭಾರದ್ದನ್ನು ಆರಿಸಬೇಕು. ಯಾವ ಬಣ್ಣವೆಂದು ಗೊಂದಲವಾದರೆ ಬಿಳಿಯದೇ ಮೇಲು, ಯಾವ ಗೋಡೆಗೂ ಯಾವ ಮೇಜಿನ ಬಟ್ಟೆಗೂ ಒಪ್ಪುತ್ತದೆ. ಪರಿಮಳದ ಬತ್ತಿ ಹಜಾರಕ್ಕೆ ಸರಿ, ಊಟದ ಹತ್ತಿರ ಬೇಡ. ಸಾರಿನ ಘಮವನ್ನು ಅದು ಕೆಡಿಸುತ್ತದೆ.

ಆಮೇಲೆ ಹಚ್ಚುವ ಬಗೆ. ದಾರ ಕಾಲು ಇಂಚಿಗಿಂತ ಉದ್ದವಿದ್ದರೆ ಜ್ವಾಲೆ ಎತ್ತರವಾಗಿ ಹೊಗೆಯಾಡಿ ಗೋಡೆ ಕಪ್ಪಾಗುತ್ತದೆ, ಪ್ರತಿಸಲ ಕತ್ತರಿಸಬೇಕು. ದಪ್ಪ ಬತ್ತಿಯನ್ನು ಮೊದಲ ಸಲ ಹಚ್ಚಿದಾಗ ಬೇಗ ಆರಿಸಬಾರದು. ಅಡ್ಡಳತೆ 3 ಇಂಚಿದ್ದರೆ ಸುಮಾರು 3 ಗಂಟೆ ಉರಿದು ಮೇಲಿನ ಮೇಣ ಅಂಚಿನವರೆಗೂ ಕರಗಬೇಕು. ಇಲ್ಲದಿದ್ದರೆ ನಡುವೆ ಬಾವಿ ತೋಡಿದಂತಾಗಿ ಸುತ್ತಲಿನ ಮೇಣವೆಲ್ಲ ದಂಡ. ಫ್ಯಾನಿನ ಕೆಳಗೆ, ಕಿಟಕಿ ಬಳಿ ಇಟ್ಟರೆ ಜ್ವಾಲೆ ಓಲಾಡಿ ಮೇಣ ಸೋರುತ್ತದೆ. ಪರದೆಯ ಹತ್ತಿರ, ಹಲಗೆಯ ಕೆಳಗೆ ಇಡಲೇಬಾರದು.

"ಮರ, ಚಿಪ್ಪು, ಪ್ಲಾಸ್ಟಿಕ್ಕು, ಇವು ಯಾವುದರ ಮೇಲೂ ಬೇಡ. ಮಣ್ಣು, ಹಿತ್ತಾಳೆ, ಸ್ಟೀಲು, ಇಷ್ಟೇ. ನೀನು ಎದ್ರೆ ಬತ್ತೀನೂ ಆರ್ಬೇಕು" ಎಂದರು ಅಜ್ಜಿ.

ಹೊರಡುವಾಗ ಹೂವಿನಾಕಾರದ ಒಂಬತ್ತು ಪುಟ್ಟ ತೇಲುವ ಬತ್ತಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಮಗು ಕೈಲಿ ಇದನ್ನ ಹಚ್ಚಿಸು. ಸುತ್ತ ನೀರಿರೋದು ಕಣ್ಣಿಗೆ ಕಾಣುತ್ತಲ್ಲ, ಧೈರ್ಯ ಬರುತ್ತೆ. ಬಲವಂತ ಮಾತ್ರ ಮಾಡ್ಬೇಡ" ಎಂದರು.

ಊರಿಗೆ ಬಂದವಳು ಅತ್ತೆಯ ಕಾಲದ ಅಗಲವಾದ ಹಿತ್ತಾಳೆ ಬೋಗುಣಿಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ ಹಜಾರದ ನಡುವೆ ನೆಲದ ಮೇಲಿಟ್ಟೆ. ಮುಕ್ಕಾಲು ನೀರು ತುಂಬಿಸಿ, ಅಂಗಳದ ದಾಸವಾಳದ ಎಸಳು ಚೆಲ್ಲಿ, ಐದು ಬತ್ತಿ ತೇಲಿಬಿಟ್ಟೆ. ಎಸಳು ದಾರಕ್ಕೆ ತಾಗದಂತೆ ನೋಡಿಕೊಂಡೆ. ಗೋಡೆಯ ಕನ್ನಡಿಯನ್ನು ಇಳಿಸಿ ಒಂದು ಮೊಳ ಹಿಂದೆ ಒರಗಿಸಿದೆ. ಐದು ದೀಪ ಹತ್ತಾಗಿ ಕಂಡವು. ಟ್ಯೂಬ್‌ಲೈಟು ಆರಿಸಿದ ಮೇಲೆ ನಮ್ಮ ಸುಣ್ಣದ ಗೋಡೆಯೂ ಅರಮನೆಯ ಗೋಡೆಯಂತಾಯಿತು!

ಮಗಳು ಮೊದಲ ದಿನ ಬಾಗಿಲ ಬಳಿಯೇ ನಿಂತು ನೋಡಿ ಹೋದಳು. ನಾನು ಕರೆಯಲಿಲ್ಲ. ಎರಡನೇ ದಿನ ಅಜ್ಜಿಯ ಪಕ್ಕ ಬಂದು ಕೂತಳು. ಮೂರನೇ ದಿನ ನಾಲ್ಕು ಹಚ್ಚಿ ಒಂದನ್ನು ಹಾಗೆಯೇ ಬಿಟ್ಟೆ. ಬಹಳ ಹೊತ್ತು ಸುಮ್ಮನಿದ್ದವಳು, "ಅಮ್ಮಾ, ಉದ್ದ ಕಡ್ಡಿ ಇದ್ರೆ ಕೊಡು" ಎಂದಳು. ಒಂದು ಊದುಬತ್ತಿ ಕೊಟ್ಟೆ. ಕೈ ನಡುಗಿತು, ಎರಡು ಸಲ ಹಿಂದೆ ಎಳೆದುಕೊಂಡಳು. ಮೂರನೆಯ ಸಲ ಬತ್ತಿ ಹೊತ್ತಿತು. ನಮ್ಮತ್ತೆ ವರ್ಷದ ನಂತರ ಬಾಯಿಬಿಟ್ಟು, "ಇನ್ನು ದೇವರ ಮನೆಗೂ ಬಾ ಪುಟ್ಟಿ, ನನ್ನ ಕಣ್ಣು ಮಂಜು, ನೀನೇ ಹಚ್ಬೇಕು" ಎಂದರು. ಆಕೆ ಇನ್ನೂ ದಿನಾ ಹಚ್ಚುವುದಿಲ್ಲ, ಶುಕ್ರವಾರ ಮಾತ್ರ. ಅಷ್ಟಾದರೂ ಆಯಿತಲ್ಲ ಎಂದು ನನ್ನ ಸಮಾಧಾನ.

ನೀವೂ ಮನೆಯಲ್ಲಿ ಮೇಣದಬತ್ತಿ ಇಡುವವರಾದರೆ ಇನ್ನೂ ನಾಲ್ಕು ಮಾತು ನೆನಪಿರಲಿ:

ಉರಿಯುವ ಮೇಣಕ್ಕೆ ನೀರು ಹಾಕಬೇಡಿ. ಕಾದ ಎಣ್ಣೆಗೆ ನೀರು ಬಿದ್ದರೆ ಹೇಗೆ ಸಿಡಿಯುತ್ತದೋ ಇದೂ ಹಾಗೆಯೇ. ಪಾತ್ರೆಯ ಮುಚ್ಚಳ ಮುಚ್ಚಿಬಿಡಿ, ಗಾಳಿಯಿಲ್ಲದೆ ತಾನೇ ಆರುತ್ತದೆ.

ಮೈಮೇಲೆ ಮೇಣ ಬಿದ್ದರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಅಂಟಿದ ಮೇಣವನ್ನು ಕೀಳಬೇಡಿ. ಪೇಸ್ಟು, ಶಾಯಿ, ಬೆಣ್ಣೆ ಹಚ್ಚಬೇಡಿ. ಬೊಬ್ಬೆ ಎದ್ದರೆ ಡಾಕ್ಟರಿಗೆ ತೋರಿಸಿ.

ಬತ್ತಿಯನ್ನು ಬಾಯಿಂದ ಊದುವುದು ನಮ್ಮ ಹಿರಿಯರಿಗೆ ಹಿಡಿಸುವುದಿಲ್ಲ. ಊದಿದರೆ ಮೇಣವೂ ಎರಚುತ್ತದೆ. ಹಳೆಯ ಸ್ಟೀಲ್ ಲೋಟ ಕವುಚಿದರೆ ಸಾಕು, ಹೊಗೆಯೂ ಕಡಿಮೆ.

ಮೇಜಿನ ಬಟ್ಟೆಗೆ ಮೇಣ ಬಿದ್ದರೆ ಐಸ್ ಇಟ್ಟು ಗಟ್ಟಿಯಾದ ಮೇಲೆ ಚಮಚದಿಂದ ಕೆರೆಯಿರಿ. ಉಳಿದ ಕಲೆಯ ಮೇಲೂ ಕೆಳಗೂ ಅಚ್ಚಿಲ್ಲದ ಬಿಳಿ ಕಾಗದವಿಟ್ಟು ಸಾಧಾರಣ ಬಿಸಿಯಲ್ಲಿ ಇಸ್ತ್ರಿ ಮಾಡಿ. ಕಾಗದವೇ ಮೇಣವನ್ನು ಹೀರಿಕೊಳ್ಳುತ್ತದೆ.

ಇನ್ನು ಆ ತೆಂಗಿನ ಚಿಪ್ಪುಗಳೇ? ಅವು ಈಗ ಹಂಡೆ ಒಲೆಯಲ್ಲಿ ಚೆನ್ನಾಗಿ ಉರಿಯುತ್ತಿವೆ. ಅವುಗಳ ಜಾಗ ಅದೇ, ಅಲ್ಲವೇ?