ಚಾರ್ಮಾಡಿಯಲ್ಲಿ ಕಂಡ ಬೆಂಕಿಯುಂಡೆ

ನೀವು ರಾತ್ರಿ ಹೊತ್ತು ಚಾರ್ಮಾಡಿ ಘಾಟಿ ಹತ್ತಿದ್ದೀರಾ? ಉಜಿರೆ ದಾಟಿ ತಿರುವುಗಳು ಶುರುವಾದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಕಿವಿ ತುಂಬ ಜೀರುಂಡೆಯ ಸದ್ದು.

2023ರ ಡಿಸೆಂಬರ್ 13ರ ರಾತ್ರಿ ನಾವು ಮೂಡಿಗೆರೆಗೆ ಹೊರಟಿದ್ದೆವು. ಮರುದಿನ ತಂಗಿಯ ಮಗಳ ನಿಕಾಹ್. ಆದರೆ ಉಮ್ಮನ ಮನಸ್ಸೆಲ್ಲ ಮಂಗಳೂರಿನಲ್ಲಿ. ಅವರ ತಮ್ಮ ಅಲ್ಲಿ ಆಸ್ಪತ್ರೆಯಲ್ಲಿದ್ದರು.

ಮಗನಿಗೆ ವಾಂತಿ ಬಂದು ಒಂದು ತಿರುವಿನಲ್ಲಿ ಜೀಪು ನಿಲ್ಲಿಸಿದೆವು. ಅಮಾವಾಸ್ಯೆ ಆಗಷ್ಟೇ ಮುಗಿದಿತ್ತು, ಚಂದ್ರನಿರಲಿಲ್ಲ. ಇದ್ದಕ್ಕಿದ್ದಂತೆ ರಸ್ತೆಯ ಮೇಲೆ ನಮ್ಮ ನೆರಳು ಬಿತ್ತು! ತಲೆಯೆತ್ತಿದರೆ ಹಸಿರು ಮಿಶ್ರಿತ ಬಿಳಿಯ ಬೆಂಕಿಯುಂಡೆಯೊಂದು ಪಡುವಣದ ಕಡೆಗೆ ಜಾರಿ, ಚೂರಾಗಿ ಆರಿಹೋಯಿತು. 'ಸುಬ್‌ಹಾನಲ್ಲಾಹ್' ಎಂದೆ.

ಉಮ್ಮ ಮಾತ್ರ ನಡುಗುತ್ತಿದ್ದರು. "ಯಾರದೋ ರೂಹ್ ಹೋಯಿತು ಮೋನೇ. ಗಾಡಿ ತಿರುಗಿಸು" ಎಂದರು.

ಅಜ್ಞಾನ ಕಾಲದ ಅರಬರೂ ಹೀಗೆಯೇ ನಂಬಿದ್ದರು. ಉಲ್ಕೆ ಬಿದ್ದರೆ ಮಹಾಪುರುಷನೊಬ್ಬ ಹುಟ್ಟಿದ ಇಲ್ಲವೇ ಸತ್ತ ಎನ್ನುತ್ತಿದ್ದರು. ಯಾರ ಹುಟ್ಟು ಸಾವಿಗೂ ಅದು ಬೀಳುವುದಿಲ್ಲವೆಂದು ಪ್ರವಾದಿವರ್ಯರು(ಸ) ತಿದ್ದಿದ್ದನ್ನು ಸಹೀಹ್ ಮುಸ್ಲಿಮ್‌ನಲ್ಲಿ ಓದಬಹುದು. ಅದನ್ನೇ ಉಮ್ಮನಿಗೆ ಹೇಳಿದೆ.

ಪ್ರತಿವರ್ಷ ಡಿಸೆಂಬರ್ ಮಧ್ಯದಲ್ಲಿ ಭೂಮಿಯು ಫೇಥನ್ ಎಂಬ ಕ್ಷುದ್ರಗ್ರಹದ ಧೂಳು, ಕಲ್ಲುಚೂರುಗಳ ನಡುವೆ ಹಾದುಹೋಗುತ್ತದೆ. ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಅವು ವಾತಾವರಣಕ್ಕೆ ನುಗ್ಗಿ ಉರಿಯುತ್ತವೆ. ಇದೇ ಜೆಮಿನಿಡ್ ಉಲ್ಕಾಪಾತ. ಶುಕ್ರಗ್ರಹಕ್ಕಿಂತಲೂ ಹೆಚ್ಚು ಬೆಳಗುವ ಉಲ್ಕೆಯನ್ನು ಬೆಂಕಿಯುಂಡೆ ಎನ್ನುತ್ತಾರೆ. ಎಲ್ಲ ಉಲ್ಕೆಗಳೂ ಉರಿದು ಮುಗಿಯುವುದಿಲ್ಲ. 1621ರಲ್ಲಿ ಜಾಲಂಧರ್ ಬಳಿ ಬಿದ್ದ ಉಲ್ಕೆಯ ಕಬ್ಬಿಣದಿಂದ ಜಹಾಂಗೀರ್ ಬಾದಶಹರು ಖಡ್ಗ, ಚೂರಿ ಮಾಡಿಸಿದ್ದರು. ಆಕಾಶದಿಂದ ಬಿದ್ದದ್ದರಿಂದ ಅವರು ಆಯುಧ ಮಾಡಿಸಿದರು, ನಾವು ಭಯ ಮಾಡಿಕೊಳ್ಳುತ್ತೇವೆ!

ಘಾಟಿಯಲ್ಲಿ ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ಕೊಟ್ಟಿಗೆಹಾರ ತಲುಪಿ ಫೋನ್ ಮಾಡಿದೆ. ನಿಮ್ಮಲ್ಲಿ ಮುಚ್ಚಿಡುವುದೇಕೆ? ಅಷ್ಟೆಲ್ಲ ಉಪದೇಶ ಮಾಡಿದ ನನ್ನ ಕೈಯೂ ನಡುಗುತ್ತಿತ್ತು. ಕಿತಾಬಿನಲ್ಲಿ ಕಲಿತದ್ದು ನಾಲಿಗೆಗೆ ಬೇಗ ಬರುತ್ತದೆ, ಎದೆಗಿಳಿಯಲು ಸಮಯ ಬೇಕು.

"ಗಂಜಿ ಕುಡಿದು ಮಲಗಿದ್ದಾರೆ" ಎಂದಿತು ಆ ಕಡೆಯ ದನಿ. ಉಮ್ಮ ಅಲ್‌ಹಮ್ದುಲಿಲ್ಲಾಹ್ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. 'ನೋಡಿ, ನಾನು ಹೇಳಲಿಲ್ಲವೇ?' ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಮಾವ ಅಂದೇ ತೀರಿಕೊಂಡಿದ್ದರೂ ಆ ಉಲ್ಕೆ ನಿರಪರಾಧಿಯೇ ಅಲ್ಲವೇ?

ಮುಂದಿನ ದಾರಿಯಲ್ಲಿ ಉಮ್ಮ ಕಿಟಕಿಯ ಗಾಜು ಇಳಿಸಿ, ಮೊಮ್ಮಗನ ಜೊತೆ ಉಲ್ಕೆಗಳನ್ನು ಎಣಿಸುತ್ತಾ ಬಂದರು. ಡಿಸೆಂಬರಿನಲ್ಲಿ ನೀವೂ ಒಮ್ಮೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯಿರಿ. ಹೆದರಿಸಲು ಅಲ್ಲ, ತೋರಿಸಲು.